ಕಾಗುಣಿತದಿಂದ ಕಟ್ಟಿದ ಕೊರಳು

ಮನುಷ್ಯರೊಬ್ಬರ ದನಿಯನ್ನು ಅಕ್ಷರ ಅಕ್ಷರವಾಗಿ ಧ್ವನಿಮುದ್ರಿಸಿಟ್ಟುಕೊಂಡು, ಆ ತುಣುಕುಗಳನ್ನು ಬೇಕಾದ ಸ್ವರಕ್ಕೆ ಏರಿಸಿ ಇಳಿಸಿ ಪೋಣಿಸಿ, ಆ ವ್ಯಕ್ತಿ ಎಂದೂ ಹಾಡಿರದ ಹಾಡನ್ನು ಹಾಡಿಸುವ ತಂತ್ರಾಂಶಕ್ಕೆ ‘ವೊಕಲಾಯ್ಡ್’ ಎಂದು ಹೆಸರು. ಜಪಾನಿನ ಯಮಹಾ ಸಂಸ್ಥೆಯಲ್ಲಿ ಕೆನ್ಮೊಚಿ ಹಿದೆಕಿ ಅವರ ಮುಂದಾಳುತನದಲ್ಲಿ, ಬಾರ್ಸಿಲೋನಾದ ಪೊಂಪೆವು ಫಾಬ್ರಾ ವಿಶ್ವವಿದ್ಯಾಲಯದ ಸಹಯೋಗದೊಂದಿಗೆ ರೂಪುಗೊಂಡ ಇದು 2004ರಲ್ಲಿ ಮಾರುಕಟ್ಟೆಗೆ ಬಂತು. ಮೊದಲ ಮೂರು ವರ್ಷ ಇದನ್ನು ಸ್ಟುಡಿಯೋಗಳಲ್ಲಿ ಹಿನ್ನೆಲೆಯ ಕೋರಸ್‌ಗೆ ಒದಗುವ ಸಲಕರಣೆಯೆಂದಷ್ಟೇ ನೋಡಲಾಗುತ್ತಿತ್ತು. 2007ರ ಆಗಸ್ಟ್ 31ರಂದು ಸಪ್ಪೊರೊ ನಗರದ ಕ್ರಿಪ್ಟನ್ ಫ್ಯೂಚರ್ ಮೀಡಿಯಾ ಸಂಸ್ಥೆ ಫುಜಿತಾ ಸಾಕಿ ಎಂಬ ಕಂಠದಾನ ಕಲಾವಿದೆಯ ದನಿಯನ್ನು ಆಧರಿಸಿ, ಹದಿನಾರರ ಹರೆಯದ, ನೀಲಿ-ಹಸಿರು ಬಣ್ಣದ ಎರಡು ಉದ್ದ ಜಡೆಗಳ ‘ಹತ್ಸುನೆ ಮಿಕು’ ಎಂಬ ಹುಡುಗಿಯ ಚಿತ್ರದೊಡನೆ ಈ ತಂತ್ರಾಂಶವನ್ನು ಮಾರಿದ ಮೇಲೆ, ಸಲಕರಣೆಯೇ ಗಾಯಕಿಯಾಗಿ ಮುಂದೆ ಬಂದು ನಿಂತಿತು.

ದನಿ ಒಬ್ಬರದು, ಮುಖ ಇನ್ನೊಬ್ಬರದು ಎಂಬುದು ಕನ್ನಡಿಗರಿಗೆ ಹೊಸ ಸಂಗತಿಯಲ್ಲ. ರಾಜಕುಮಾರ್ ಅವರ ಶರೀರಕ್ಕೆ ಪಿ. ಬಿ. ಶ್ರೀನಿವಾಸ್ ಅವರ ಶಾರೀರ ಎಷ್ಟೋ ವರ್ಷ ಒದಗಿತ್ತು. ಮಲ್ಲಂದೂರಿನಿಂದ ಕಳಸದವರೆಗಿನ ಕಾಫಿ ಸೀಮೆಯಲ್ಲಿ ಮಳೆಗಾಲದ ತಾಳಮದ್ದಳೆ ಕೇಳಿದವರಿಗೆ, ವೇಷವಿಲ್ಲದೆಯೇ ಭಾಗವತರ ಒಂದೇ ಕೊರಳಿನಲ್ಲಿ ಕೃಷ್ಣನೂ ಕೌರವನೂ ಹಾಡುವುದು ವಿಚಿತ್ರವೆನಿಸುವುದಿಲ್ಲ. ವೊಕಲಾಯ್ಡ್‌ನಲ್ಲಿ ಬದಲಾದದ್ದು ಇಷ್ಟೇ: ಆ ಕೊರಳು ಹಣ ಕೊಟ್ಟು ಕೊಂಡ ಯಾರ ಮನೆಯ ಕಂಪ್ಯೂಟರಿನಲ್ಲಾದರೂ ಕುಳಿತಿರುತ್ತದೆ.

ಇದು ಕೆಲಸ ಮಾಡುವ ಬಗೆಯನ್ನು ವಿವರಿಸಲು ಕಾಗುಣಿತಕ್ಕಿಂತ ಒಳ್ಳೆಯ ಹೋಲಿಕೆ ಸಿಗದು. ಜಪಾನಿ ಭಾಷೆಯಲ್ಲಿ ಸ್ವರಗಳು ಐದೇ ಆದ್ದರಿಂದ ಅದರ ಕಾಗುಣಿತ ಕ, ಕಿ, ಕು, ಕೆ, ಕೊ ಎಂಬಷ್ಟಕ್ಕೆ ಮುಗಿಯುತ್ತದೆ. ಉಚ್ಚಾರಣೆಯನ್ನು ಬರೆಯುವ ಅದರ ಕಾನಾ ಲಿಪಿಯೂ ಬಹುಮಟ್ಟಿಗೆ ಈ ಗುಣಿತಾಕ್ಷರಗಳನ್ನೇ ಅನುಸರಿಸುತ್ತದೆ. ಸಂಯೋಜಕನ ಪರದೆಯ ಮೇಲೆ ಎಡಬದಿಗೆ ಹಾರ್ಮೋನಿಯಂ ಮನೆಗಳನ್ನು ನಿಲ್ಲಿಸಿದಂತೆ ಸ್ವರಗಳ ಏಣಿ, ಎಡದಿಂದ ಬಲಕ್ಕೆ ಕಾಲದ ಓಟ. ‘ಸಕುರ’ ಎಂಬ ಪದವನ್ನು ಹಾಡಿಸಬೇಕಾದರೆ ಮೂರು ಪಟ್ಟಿಗಳನ್ನು ಎಳೆದು ಒಂದೊಂದರ ಮೇಲೂ ಸ, ಕು, ರ ಎಂದು ಬರೆಯಬೇಕು. ಪಟ್ಟಿ ಎಷ್ಟು ಎತ್ತರದಲ್ಲಿದೆಯೋ ಅದು ಶ್ರುತಿ, ಎಷ್ಟು ಉದ್ದವಿದೆಯೋ ಅದು ಕಾಲ. ‘ಸ’ದಿಂದ ‘ಕು’ವಿಗೆ ನಾಲಿಗೆ ಹೊರಳುವ ಕ್ಷಣದ ಸದ್ದನ್ನೂ ತಂತ್ರಾಂಶ ಮೊದಲೇ ಸಂಗ್ರಹಿಸಿಟ್ಟಿರುವುದರಿಂದ ಬೆಸುಗೆ ಕೇಳಿಸದಷ್ಟು ನಯವಾಗಿರುತ್ತದೆ, ಅಥವಾ ಹಾಗಿರಬೇಕೆಂಬುದು ಉದ್ದೇಶ, ಮೊದಲ ವರ್ಷಗಳ ಹಾಡುಗಳಲ್ಲಿ ಆ ದನಿ ತಗಡಿನ ಡಬ್ಬಿಯೊಳಗಿನಿಂದ ಬಂದಂತೆ ಕೇಳುತ್ತದೆಂಬುದನ್ನು ಒಪ್ಪಿಕೊಳ್ಳಲೇಬೇಕು. ಆದರೆ ಉಸಿರು ಕಟ್ಟದ, ದಣಿಯದ, ಎಷ್ಟು ಮೇಲಿನ ಸ್ವರಕ್ಕೂ ಹಿಂಜರಿಯದ ಕೊರಳನ್ನು ಮನುಷ್ಯರ ಕೊರಳಿನ ಅಗ್ಗದ ಬದಲಿಯೆಂದು ಬಳಸಿದವರಿಗಿಂತ, ಅದರ ಯಂತ್ರಗುಣವನ್ನೇ ಹಾಡಿನ ವಸ್ತುವಾಗಿ ಮಾಡಿಕೊಂಡವರು ಹೆಚ್ಚು ಗೆದ್ದಿದ್ದಾರೆ. ಕೇಳಬೇಕಾದ ಹಾಡುಗಳನ್ನು ಆಯುವಾಗ ಈ ಅಳತೆಗೋಲು ಉಪಯುಕ್ತ.

ಇತಿಹಾಸದ ದೃಷ್ಟಿಯಿಂದ ಮೊದಲು ನಿಲ್ಲುವುದು ರ್ಯೊ ಎಂಬವರ ‘ಮೆಲ್ಟ್’ (2007). ಅಲ್ಲಿಯವರೆಗೆ ಮಿಕುವಿನ ಹಾಡುಗಳಲ್ಲಿ ಹೆಚ್ಚಿನವು ಮಿಕುವನ್ನೇ ಕುರಿತ ವಿನೋದಗಳಾಗಿದ್ದರೆ, ಇದು ಸಾಮಾನ್ಯ ಹುಡುಗಿಯೊಬ್ಬಳ ಪ್ರೇಮದ ತಳಮಳವನ್ನು ಹೇಳಿತು. ಅದನ್ನು ಮನುಷ್ಯರು ತಮ್ಮ ದನಿಯಲ್ಲಿ ಮರಳಿ ಹಾಡತೊಡಗಿದರು. ಹಾಗಿದ್ದರೂ ಹೊಸ ಕೇಳುಗರು ಇಲ್ಲಿಂದ ಆರಂಭಿಸಬೇಕಾಗಿಲ್ಲ. ಕಾಸ್ಮೊ ಎಂಬ ಸಂಯೋಜಕರ ‘ಹತ್ಸುನೆ ಮಿಕುವಿನ ಕಣ್ಮರೆ’ (2008) ತನ್ನನ್ನು ಅಳಿಸಿಹಾಕುವ ಗಳಿಗೆಯನ್ನು ಎದುರಿಸುವ ಯಂತ್ರದ ಕೊನೆಯ ಮಾತು. ಮನುಷ್ಯರ ನಾಲಿಗೆ ತಡವರಿಸುವ ವೇಗದಲ್ಲಿ ಪದಗಳು ಉದುರುವಾಗ, ಆ ವೇಗವೇ ಭಯದ ಭಾಷೆಯಾಗುತ್ತದೆ. ಅದೇ ವರ್ಷದ ‘ಕೊಕೊರೊ’ ಎಂದರೆ ಹೃದಯ. ಕಗಮಿನೆ ರಿನ್ ಎಂಬ ಇನ್ನೊಂದು ದನಿ ಹಾಡುವ ಈ ಹಾಡಿನಲ್ಲಿ, ಒಂಟಿ ವಿಜ್ಞಾನಿಯೊಬ್ಬ ಕಟ್ಟಿದ ಯಂತ್ರಕ್ಕೆ ಹೃದಯವೊಂದನ್ನು ಮಾತ್ರ ಕೊಡಲಾಗಿರುವುದಿಲ್ಲ. ಕಥೆ ಸ್ವಲ್ಪ ಅಳುಬುರುಕೇ ಸರಿ, ಆದರೆ ಹೃದಯವಿಲ್ಲದ ದನಿಯೇ ಅದನ್ನು ಹೇಳುತ್ತಿದೆಯೆಂಬುದು ಕೇಳುಗರನ್ನು ಹಿಡಿದು ನಿಲ್ಲಿಸುತ್ತದೆ.

ಒಂದೇ ಹಾಡು ಸಾಕೆನ್ನುವವರಿಗೆ ವೊವಾಕ ಅವರ ‘ರೋಲಿಂಗ್ ಗರ್ಲ್’ (2010) ತಕ್ಕುದು. ಬಿದ್ದು, ಎದ್ದು, ಮತ್ತೆ ಉರುಳುವ ಹುಡುಗಿಯೊಬ್ಬಳನ್ನು ಕುರಿತ ಈ ಹಾಡಿನಲ್ಲಿ ಪಿಯಾನೊ ಓಡುತ್ತಲೇ ಇರುತ್ತದೆ, ದನಿ ದಮ್ಮು ಎಳೆದುಕೊಳ್ಳುವುದೇ ಇಲ್ಲ. ಸೋಲಿನ ಬಗೆಗಿನ ಹಾಡನ್ನು ದಣಿವರಿಯದ ಕೊರಳಿಗೆ ಕೊಟ್ಟದ್ದೇ ಅದರ ಚಮತ್ಕಾರ. ವೊವಾಕ 2019ರಲ್ಲಿ, 31ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಸಮಕಾಲೀನರಾದ ಹಚಿ, ‘ಮತ್ರ್ಯೋಶ್ಕ’ (2010) ಎಂಬ ಹುಚ್ಚು ಕುಣಿತದ ಹಾಡಿನಿಂದ ಹೆಸರು ಮಾಡಿ, ಬಳಿಕ ಯೊನೆಜು ಕೆನ್ಶಿ ಎಂಬ ಸ್ವಂತ ಹೆಸರಿನಲ್ಲಿ ಸ್ವಂತ ದನಿಯಲ್ಲಿ ಹಾಡಿ ಜಪಾನಿನ ಅಗ್ರ ಗಾಯಕರಲ್ಲೊಬ್ಬರಾದರು. 2017ರಲ್ಲಿ, ಮಿಕುವಿಗೆ ಹತ್ತು ವರ್ಷ ತುಂಬಿದಾಗ ಮರಳಿ ಬಂದು ‘ಮರಳಿನ ಗ್ರಹ’ ಎಂಬರ್ಥದ ಹಾಡನ್ನು ಕೊಟ್ಟರು. ಹುಟ್ಟುಹಬ್ಬದ ಹಾಡಿನಲ್ಲಿ ತವರನ್ನು ಬರಡು ಭೂಮಿಯೆಂದು ಕರೆದ ಅದರ ಕಟುತನ ಆಗ ಕೆಲವರಿಗೆ ಕಹಿಯೆನಿಸಿದ್ದರೆ ಆಶ್ಚರ್ಯವಿಲ್ಲ. ಇವುಗಳಿಗಿಂತ ಬಹಳ ಹೆಚ್ಚು ಪ್ರಸಿದ್ಧವಾದ ‘ಸೆನ್ಬೊನ್‌ಜಕುರ’ (2011), ಅಂದರೆ ಸಾವಿರ ಚೆರ್ರಿ ಮರಗಳು, ರಾಗದ ಸೊಬಗಿನಿಂದ ಗೆದ್ದ ಹಾಡು. ಅದನ್ನು ಜಪಾನಿನ ಸಾಂಪ್ರದಾಯಿಕ ವಾದ್ಯಗಳೊಡನೆ ವಾಗಕ್ಕಿ ಬ್ಯಾಂಡ್ ನುಡಿಸಿರುವುದನ್ನೂ ಪಕ್ಕದಲ್ಲಿಟ್ಟು ಕೇಳಬಹುದು.

ಈಚಿನವುಗಳಲ್ಲಿ ‘ಮೆಸ್ಮರೈಜರ್’ (2024) ಗಮನ ಸೆಳೆಯುತ್ತದೆ. ಇದರಲ್ಲಿ ಮಿಕುವಿನೊಡನೆ ಹಾಡುವ ಕಸನೆ ತೆತೊ 2008ರ ಏಪ್ರಿಲ್ ಒಂದರಂದು ಜನರನ್ನು ಮೂರ್ಖರನ್ನಾಗಿಸಲು ಹುಟ್ಟಿಸಿದ ಸುಳ್ಳು ಗಾಯಕಿ. ಯಾರು ಬೇಕಾದರೂ ತಮ್ಮ ದನಿಯ ಕಾಗುಣಿತವನ್ನು ಮುದ್ರಿಸಿ ಗಾಯಕರನ್ನು ಸೃಷ್ಟಿಸಬಹುದಾದ ಯುಟಾವು ಎಂಬ ಉಚಿತ ತಂತ್ರಾಂಶದಲ್ಲಿ ಅವಳು ನಿಜವಾಗಿಯೂ ಹಾಡತೊಡಗಿ, 2023ರಲ್ಲಿ ಮಾರಾಟದ ತಂತ್ರಾಂಶಕ್ಕೂ ಏರಿದಳು.

ಇನ್ನು ನಮ್ಮ ಸಂಗೀತದ ಕಡೆ ಬಂದರೆ, ಬೆಂಗಳೂರಿನಲ್ಲಿ ಕೊಳಲುವಾದಕರೂ ಎಂಜಿನಿಯರರೂ ಆದ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿ, ಕಛೇರಿಯ ಶ್ರುತಿಯನ್ನು ಪೆಟ್ಟಿಗೆಯೊಳಗೆ ಕೂರಿಸಿದ್ದರು; ಹಾಡುವ ಕೊರಳನ್ನು ಹಾಗೆ ಕೂರಿಸುವುದು ಅಷ್ಟು ಸುಲಭವಲ್ಲ. ಜಪಾನಿನಲ್ಲೇ 2012ರಲ್ಲಿ ಎಂಬತ್ತರ ಹರೆಯದ ಸಂಯೋಜಕ ತೊಮಿತ ಇಸಾವೊ ತಮ್ಮ ‘ಇಹಾತೊವ್ ಸಿಂಫನಿ’ಯಲ್ಲಿ ವಾದ್ಯವೃಂದದ ನಡುವೆ ಮಿಕುವನ್ನು ಹಾಡಿಸಿದಾಗ, ವಾದಕರು ಯಂತ್ರದ ತಾಳಕ್ಕೆ ಕಟ್ಟುಬೀಳುವ ಬದಲು, ವೃಂದ ನಿರ್ದೇಶಕನ ಕೋಲಿನ ಚಲನೆಗೆ ಯಂತ್ರವೇ ಹೊಂದಿಕೊಳ್ಳುವಂತೆ ಮಾಡಬೇಕಾಯಿತು. ಕನ್ನಡದ ಮಟ್ಟಿಗಾದರೆ ಹ್ರಸ್ವ-ದೀರ್ಘ, ಅಲ್ಪಪ್ರಾಣ-ಮಹಾಪ್ರಾಣ, ಲ-ಳ, ನ-ಣ, ಮೇಲೆ ಒತ್ತಕ್ಷರಗಳೆಂದು ಮುದ್ರಿಸಬೇಕಾದ ಕಾಗುಣಿತವೇ ಹಲವು ಪಟ್ಟು ಬೆಳೆಯುತ್ತದೆ. ಬಹುಮಟ್ಟಿಗೆ ಅಕ್ಷರಕ್ಕೊಂದು ಸ್ವರದಂತೆ ನಡೆಯುವ ಮಲಹರಿಯ ಪಿಳ್ಳಾರಿ ಗೀತೆಗಳನ್ನು ಪರದೆಯ ಮೇಲೆ ಪಟ್ಟಿ ಪಟ್ಟಿಯಾಗಿ ಜೋಡಿಸಿಬಿಡಬಹುದು. ತೋಡಿಯ ಗಾಂಧಾರ ಬಂದಾಗ ಮಾತ್ರ, ಒಂದೇ ಪಟ್ಟಿಯ ಮೇಲೆ ಅದರ ತೂಗಾಟವನ್ನು ಮೌಸ್ ಹಿಡಿದು ಅಲೆ ಅಲೆಯಾಗಿ ಕೈಯಲ್ಲೇ ಬರೆಯಬೇಕಾಗುತ್ತದೆ.