ಹೋರಿ ಹಬ್ಬಕ್ಕೆ ಬಂದವರ ಲೆಕ್ಕ

ದೀಪಾವಳಿಯ ಬಲಿಪಾಡ್ಯಮಿ ಬಂತೆಂದರೆ ಹೊನ್ನಾಳಿ, ನ್ಯಾಮತಿ ಸೀಮೆಯಲ್ಲಿ ಹೋರಿಗಳದೇ ಮಾತು. ಕೊಂಬಿಗೆ ಬಣ್ಣದ ರಿಬ್ಬನ್ನು, ಬಲೂನು, ಮೈಮೇಲೆ ಜೂಲ, ಕೊರಳಲ್ಲಿ ಒಣ ಕೊಬ್ಬರಿಯ ಸರ. ಅಖಾಡದಲ್ಲಿ ಹೋರಿಗಳನ್ನು ಒಂದೊಂದಾಗಿ ಬಿಡುತ್ತಾರೆ. ಇಕ್ಕೆಲದ ಜನರ ನಡುವೆ ಅದು ನುಗ್ಗುವಾಗ ಕೊಬ್ಬರಿ ಹರಿದುಕೊಂಡವನು ಗಟ್ಟಿಗ. ಯಾರ ಕೈಗೂ ಸಿಗದೆ ಓಡಿದರೆ ಗೆಲುವು ಹೋರಿಯದು. ಶಿಕಾರಿಪುರ, ಸೊರಬ, ಹಾವೇರಿ ಕಡೆಗಳಲ್ಲೂ ಇದೇ ಹುಚ್ಚು. ಹೆಸರು ಮಾಡಿದ ಹೋರಿ ವಾಹನವೇರಿ ಊರೂರು ಸುತ್ತುತ್ತದೆ. ಅದರ ಹೆಸರು ಅಚ್ಚಾದ ಟೀ ಶರ್ಟು ತೊಟ್ಟ ಅಭಿಮಾನಿ ಬಳಗವೂ ಜತೆಗೇ ಸುತ್ತುತ್ತದೆ.

ಹೀಗೆ ಆಟಕ್ಕಾಗಿ ಊರು ಬಿಟ್ಟು ಬರುವವರನ್ನೇ ಅಧ್ಯಯನ ಮಾಡುವ ಶಾಸ್ತ್ರವೊಂದಿದೆ: ಕ್ರೀಡಾ ಪ್ರವಾಸೋದ್ಯಮ.

ಆಟ ನೋಡಲು ಪ್ರಯಾಣ ಮಾಡುವುದು ಪ್ರಾಚೀನ ಗ್ರೀಸಿನ ಒಲಿಂಪಿಯಾದಷ್ಟು ಹಳೆಯದು. ಅದರ ಅಧ್ಯಯನ ಮಾತ್ರ ತೀರ ಈಚಿನದು. 1966ರಲ್ಲಿ ಬ್ರಿಟನ್ನಿನ ಡಾನ್ ಆಂಟನಿ ಕ್ರೀಡೆ ಮತ್ತು ಪ್ರವಾಸದ ನಂಟಿನ ಮೇಲೆ ಬರೆದ ಪುಟ್ಟ ಪ್ರಬಂಧವನ್ನು ಈ ಕ್ಷೇತ್ರದ ಮೊದಲ ಹೆಜ್ಜೆಯೆಂದು ಗುರುತಿಸುತ್ತಾರೆ. ತೊಂಬತ್ತರ ದಶಕದಲ್ಲಿ ಇದಕ್ಕೆಂದೇ ವಿದ್ವತ್ ಪತ್ರಿಕೆ ಹುಟ್ಟಿತು. 2001ರಲ್ಲಿ ವಿಶ್ವ ಪ್ರವಾಸೋದ್ಯಮ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಸೇರಿ ಬಾರ್ಸಿಲೋನಾದಲ್ಲಿ ವಿಶ್ವ ಸಮ್ಮೇಳನವನ್ನೇ ನಡೆಸಿದವು.

ಫ್ಲಾರಿಡಾ ವಿಶ್ವವಿದ್ಯಾಲಯದ ಹೆದರ್ ಗಿಬ್ಸನ್ 1998ರಲ್ಲಿ ಕ್ರೀಡಾ ಪ್ರವಾಸಿಗರನ್ನು ಮೂರು ಬಗೆಯಾಗಿ ವಿಂಗಡಿಸಿದರು. ತಾವೇ ಆಡಲು ಹೋಗುವವರು, ಆಟ ನೋಡಲು ಹೋಗುವವರು, ಆಟದ ನೆನಪಿರುವ ಜಾಗಗಳನ್ನು ಕಾಣಲು ಹೋಗುವವರು. ಬೆಂಗಳೂರಿನ ಹತ್ತು ಕಿಲೋಮೀಟರ್ ಓಟಕ್ಕೆ ಪರ ಊರಿನಿಂದ ಬರುವವರು ಮೊದಲ ಗುಂಪು. ಚಿನ್ನಸ್ವಾಮಿ ಕ್ರೀಡಾಂಗಣದ ಪಂದ್ಯಕ್ಕೆ ದಾವಣಗೆರೆಯಿಂದ ರೈಲು ಹತ್ತುವವರು ಎರಡನೆಯವರು. ಲಂಡನ್ನಿನ ಲಾರ್ಡ್ಸ್ ಮೈದಾನದ ವಸ್ತುಸಂಗ್ರಹಾಲಯಕ್ಕೆ ಹೋಗಿ ಹಳೆಯ ಬ್ಯಾಟುಗಳ ಮುಂದೆ ನಿಲ್ಲುವವರು ಮೂರನೆಯವರು.

ಹೋರಿ ಅಖಾಡದಲ್ಲಿ ಈ ಗೆರೆಗಳು ಕಲಸಿಹೋಗುತ್ತವೆ. ಬೇಲಿಯಾಚೆ ನಿಂತು ನೋಡುತ್ತಿದ್ದವನು ಮರುಗಳಿಗೆಯಲ್ಲಿ ಕೊಬ್ಬರಿಗೆ ಕೈ ಹಾಕಿರುತ್ತಾನೆ. ಅಭಿಮಾನಿ ಬಳಗದವರನ್ನು ಯಾವ ಗುಂಪಿಗೆ ಹಾಕುವುದು? ಇದಕ್ಕೆ ಹತ್ತಿರದ ಉತ್ತರ ಶೆರಾನ್ ಫೇರ್ಲಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿದೆ. ತಮ್ಮ ಫುಟ್‌ಬಾಲ್ ತಂಡದ ಪಂದ್ಯಕ್ಕಾಗಿ ಬಸ್ಸಿನಲ್ಲಿ ದೂರದೂರಿಗೆ ಹೋಗುವ ಅಭಿಮಾನಿಗಳನ್ನು ಅವರು ಗಮನಿಸಿದರು. ಪಂದ್ಯದಷ್ಟೇ ಅವರನ್ನು ಸೆಳೆಯುತ್ತಿದ್ದುದು ಹಿಂದಿನ ಪ್ರಯಾಣಗಳ ನೆನಪು: ಬಸ್ಸಿನೊಳಗಿನ ಹಾಡು, ತಮಾಷೆ, ಗೆಳೆತನ. ಹೋರಿಯ ಬೆನ್ನು ಹತ್ತಿ ಹೊರಟ ಹುಡುಗರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಈ ಶಾಸ್ತ್ರದ ನಿಜವಾದ ಬಿಗಿ ಇರುವುದು ಹಣದ ಲೆಕ್ಕದಲ್ಲಿ. ಯಾವ ಕ್ರೀಡಾಕೂಟ ನಡೆದರೂ ಸಂಘಟಕರು ‘ಇಷ್ಟು ಸಾವಿರ ಜನ ಬಂದರು, ಊರಿಗೆ ಇಷ್ಟು ಕೋಟಿ ಬಂತು’ ಎನ್ನುವುದುಂಟು. ಅಮೆರಿಕದ ವಿದ್ವಾಂಸ ಜಾನ್ ಕ್ರಾಂಪ್ಟನ್ 1995ರಲ್ಲಿ ಇಂಥ ಲೆಕ್ಕಗಳಲ್ಲಿ ನುಸುಳುವ ಹನ್ನೊಂದು ತಪ್ಪುಗಳನ್ನು ಪಟ್ಟಿ ಮಾಡಿದರು. ಅವರ ಜರಡಿಗೆ ಹಾಕಿದರೆ ಅಖಾಡದ ಜನಸಾಗರ ಬೇಗನೆ ಸೊರಗುತ್ತದೆ.

ಹೊನ್ನಾಳಿಯವರೇ ಅಖಾಡದ ಬದಿಯಲ್ಲಿ ಮಂಡಕ್ಕಿ–ಮೆಣಸಿನಕಾಯಿ ತಿಂದರೆ ಅದು ಹೊಸ ಹಣವಲ್ಲ. ಇಲ್ಲಿ ಖರ್ಚಾಗದಿದ್ದರೆ ಸಂತೆಯಲ್ಲೋ ಬಸ್ ನಿಲ್ದಾಣದ ಹೋಟೆಲಿನಲ್ಲೋ ಖರ್ಚಾಗುತ್ತಿತ್ತು. ಹೇಗೂ ತವರಿಗೆ ಬರಲಿದ್ದ ಮಗಳು–ಅಳಿಯ ಹೋರಿ ಹಬ್ಬದ ದಿನವೇ ಬಂದರೆ ಅವರನ್ನೂ ಬಿಡಬೇಕು. ಅವರು ಬದಲಿಸಿದ್ದು ಬರುವ ದಿನವನ್ನಷ್ಟೆ. ಬೇರೆ ಕೆಲಸಕ್ಕೆ ಬಂದು ಗದ್ದಲ ಕೇಳಿ ಇಣುಕಿದವರೂ ಲೆಕ್ಕಕ್ಕಿಲ್ಲ. ಹೋರಿಗಾಗಿಯೇ ಬಂದ, ಹೋರಿ ಇಲ್ಲದಿದ್ದರೆ ಬರುತ್ತಲೇ ಇರದಿದ್ದ ಹೊರಗಿನವರ ಖರ್ಚಷ್ಟೇ ಉಳಿಯುತ್ತದೆ. ಅದರಲ್ಲೂ ಬಹುಮಾನದ ಬೈಕು, ಫ್ರಿಜ್ಜಿಗೆ ಕೊಟ್ಟ ದುಡ್ಡಿನ ದೊಡ್ಡ ಪಾಲು ದೂರದ ಕಾರ್ಖಾನೆಗೆ ಸೇರುತ್ತದೆ. ಮೇವು ಮಾರಿದವರ, ಪೆಂಡಾಲ್ ಹಾಕಿದವರ, ಟೀ ಅಂಗಡಿಯವರ ಕೈಸೇರಿದ್ದು ಊರಲ್ಲೇ ಇನ್ನೊಂದು ಸುತ್ತು ತಿರುಗುತ್ತದೆ.

ದೊಡ್ಡ ಕೂಟಗಳೂ ಈ ಜರಡಿಯಿಂದ ತಪ್ಪಿಸಿಕೊಂಡಿಲ್ಲ. 2012ರ ಒಲಿಂಪಿಕ್ಸ್ ನಡೆದ ಆಗಸ್ಟಿನಲ್ಲಿ ಬ್ರಿಟನ್ನಿಗೆ ಬಂದ ವಿದೇಶಿಯರ ಸಂಖ್ಯೆ ಹಿಂದಿನ ವರ್ಷದ ಆಗಸ್ಟಿಗಿಂತ ಸುಮಾರು ಶೇ 5ರಷ್ಟು ಕಡಿಮೆಯಿತ್ತು. ಬಂದವರು ಹೆಚ್ಚು ಖರ್ಚು ಮಾಡಿದ್ದು ನಿಜ. ಆದರೆ ನೂಕುನುಗ್ಗಲು, ದುಬಾರಿ ಬಾಡಿಗೆಗೆ ಅಂಜುವ ಮಾಮೂಲಿ ಪ್ರವಾಸಿಗರು ಇಂಥ ಹೊತ್ತಿನಲ್ಲಿ ದೂರ ಉಳಿಯುತ್ತಾರೆ.

ದೊಡ್ಡ ಕೂಟಗಳ ಇಂಥ ಮಿತಿಗಳನ್ನು ಕಂಡೇ ನ್ಯೂಜಿಲೆಂಡಿನ ಜೇಮ್ಸ್ ಹೈಯಮ್ 1999ರಷ್ಟು ಹಿಂದೆಯೇ ಸಣ್ಣ ಕೂಟಗಳ ಪರ ವಾದಿಸಿದ್ದರು. ಗಿಬ್ಸನ್ ಮತ್ತು ಸಂಗಡಿಗರು 2003ರಲ್ಲಿ ತಮ್ಮ ವಿಶ್ವವಿದ್ಯಾಲಯದ ಫುಟ್‌ಬಾಲ್ ಪಂದ್ಯಗಳಿಗೆ ಬರುವವರನ್ನು ಅಧ್ಯಯನ ಮಾಡಿ ಆ ವಾದಕ್ಕೆ ಬಲ ತುಂಬಿದರು. ಸಣ್ಣ ಕೂಟಕ್ಕೆ ಹೊಸ ಕ್ರೀಡಾಂಗಣ ಬೇಡ, ಸಾಲ ಬೇಡ, ಇದ್ದ ಸೌಕರ್ಯವೇ ಸಾಕು. ಹೊನ್ನಾಳಿಗೆ ರೈಲಿಲ್ಲ, ದೊಡ್ಡ ಹೋಟೆಲುಗಳ ಸಾಲೂ ಇಲ್ಲ. ಆದರೆ ಬಯಲಿನ ಒಂದು ಅಖಾಡಕ್ಕೆ ಅವುಗಳ ಅಗತ್ಯವೂ ಇಲ್ಲ. ಇದರ ಇನ್ನೊಂದು ಮುಖವೂ ಉಂಟು: ಬಂದವರು ಸಂಜೆಗೆ ಮರಳಿದರೆ ರಾತ್ರಿ ತಂಗುವ ಖರ್ಚು ಊರಿಗೆ ದಕ್ಕುವುದಿಲ್ಲ.

ಸಣ್ಣದಾಗಿ ಹುಟ್ಟಿ ಹಿಗ್ಗಿದ ಆಟಕ್ಕೆ ಕೊಡಗಿನಲ್ಲಿ ಒಳ್ಳೆಯ ಉದಾಹರಣೆಯಿದೆ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ನಡುವಿನ ಹಾಕಿ ಹಬ್ಬ ಆರಂಭಿಸಿದಾಗ ಬಂದದ್ದು 60 ತಂಡಗಳು. 2024ರಲ್ಲಿ ನಾಪೋಕ್ಲುವಿನಲ್ಲಿ ಆ ಸಂಖ್ಯೆ 360 ಮುಟ್ಟಿ ಗಿನ್ನೆಸ್ ದಾಖಲೆಯಾಯಿತು. ಆತಿಥ್ಯ ವರ್ಷಕ್ಕೊಂದು ಕುಟುಂಬದ್ದು. ಬೇರೆ ಊರುಗಳಲ್ಲಿ ನೆಲೆಸಿದವರು ಮನೆತನದ ತಂಡಕ್ಕಾಗಿ ಕೊಡಗಿಗೆ ಮರಳುತ್ತಾರೆ. ಇವರು ಪ್ರವಾಸಿಗರೋ, ಮನೆಗೆ ಬಂದವರೋ? ಮೈಕ್ ವೀಡ್ ಮತ್ತು ಕ್ರಿಸ್ ಬುಲ್ 2004ರ ತಮ್ಮ ಪುಸ್ತಕದಲ್ಲಿ ಕ್ರೀಡಾ ಪ್ರವಾಸವೆಂದರೆ ಆಟ, ಜನ, ಜಾಗ ಮೂರೂ ಕೂಡಿದಾಗ ಹುಟ್ಟುವಂಥದ್ದು ಎಂದದ್ದು ಇಲ್ಲಿ ಚೆನ್ನಾಗಿ ಹೊಂದುತ್ತದೆ.

ಜಾಗ ಬದಲಾದರೆ? 2023ರ ನವೆಂಬರಿನಲ್ಲಿ ಕರಾವಳಿಯ ಕಂಬಳ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂತು. ಗದ್ದೆಯಿಲ್ಲದ ಕಡೆ ಕೆಸರಿನ ಓಟದ ಹಾದಿ, ಅಂದರೆ ಕರೆ, ನಿರ್ಮಿಸಿ, ನೂರಕ್ಕೂ ಹೆಚ್ಚು ಜೋಡಿ ಕೋಣಗಳನ್ನು ಘಟ್ಟ ಹತ್ತಿಸಿ ತಂದರು. ರಾಜಧಾನಿಯ ಜನ ಮುಗಿಬಿದ್ದರು. ಕಂಬಳ ಜನರ ಬಳಿಗೆ ಬಂದಿತ್ತು. ಜನ ಕಂಬಳದ ಊರಿಗೆ ಹೋಗಿರಲಿಲ್ಲ. ಹಾಗಾಗಿ ಆ ಎರಡು ದಿನದ ಊಟ, ವಸತಿ, ಓಡಾಟದ ವ್ಯಾಪಾರ ನಡೆದದ್ದು ಬೆಂಗಳೂರಿನಲ್ಲಿ.

ಪ್ರಾಣಿಗಳ ಆಟಕ್ಕೆ ಕಾನೂನಿನ ಲೆಕ್ಕವೂ ಇದೆ. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟು ಮತ್ತು ಎತ್ತಿನಗಾಡಿ ಓಟವನ್ನು ತಡೆಯಿತು. ಕಂಬಳ, ಎತ್ತಿನಗಾಡಿ ಓಟಗಳಿಗೆ ಅವಕಾಶ ಕೊಡುವ ತಿದ್ದುಪಡಿಯನ್ನು ಕರ್ನಾಟಕ 2017ರಲ್ಲಿ ತಂದಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ತಮಿಳುನಾಡು, ಮಹಾರಾಷ್ಟ್ರದ ಕಾಯ್ದೆಗಳ ಜತೆಗೆ ಇದನ್ನೂ ಎತ್ತಿಹಿಡಿಯಿತು. ಆದರೆ ಹೋರಿ ತಿವಿದು ನೋಡುಗರು ಸತ್ತ ಸುದ್ದಿ ಈ ಭಾಗದಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಸತ್ತವರಲ್ಲಿ ಕೊಬ್ಬರಿಗೆ ಕೈ ಹಾಕದೆ ಸುಮ್ಮನೆ ದಾರಿಯಲ್ಲಿ ನಿಂತಿದ್ದವರೂ ಇರುತ್ತಾರೆ.

ಹೊನ್ನಾಳಿಯ ಅಖಾಡದಲ್ಲಿ ಸಂಶೋಧಕನೊಬ್ಬ ಪಟ್ಟಿ ಹಿಡಿದು ನಿಂತರೆ ಕೇಳಬೇಕಾದ್ದು ಹೆಚ್ಚೇನಿಲ್ಲ: ಯಾವ ಊರು, ಹೋರಿಗಾಗಿಯೇ ಬಂದಿರಾ, ಎಲ್ಲಿ ಉಂಡಿರಿ, ರಾತ್ರಿ ಎಲ್ಲಿ ತಂಗುತ್ತೀರಿ, ಬಂದ ಮೇಲೆ ಹಿರೇಕಲ್ಮಠಕ್ಕೋ ತೀರ್ಥರಾಮೇಶ್ವರಕ್ಕೋ ಹೋದಿರಾ. ಅದೇ ಹಾಳೆಯ ಇನ್ನೊಂದು ಬದಿಯಲ್ಲಿ ಬೇಲಿಗೆ, ಪೊಲೀಸ್ ಬಂದೋಬಸ್ತಿಗೆ, ಆಂಬುಲೆನ್ಸಿಗೆ ಆದ ಖರ್ಚನ್ನೂ ಆಸ್ಪತ್ರೆ ಸೇರಿದವರ ಸಂಖ್ಯೆಯನ್ನೂ ಬರೆದುಕೊಂಡರೆ, ಮುಂದಿನ ದೀಪಾವಳಿಗೆ ಅಖಾಡದ ಬೇಲಿ ಎಲ್ಲಿ ಎಷ್ಟು ಗಟ್ಟಿಯಿರಬೇಕು ಎಂಬುದನ್ನು ಸಂಘಟಕರು ಅಂದಾಜಿನ ಮೇಲೆ ತೀರ್ಮಾನಿಸಬೇಕಾಗುವುದಿಲ್ಲ.