ವಾಡಿಯಾ ಕಟ್ಟಿದ ಪಾಠ, ಪಾರ್ವತಮ್ಮ ತೆಗೆದ ತಕರಾರು

ಮೈಸೂರಿನ ಕೃಷ್ಣಮೂರ್ತಿಪುರಂ ಬಡಾವಣೆಗೆ ಆ ಹೆಸರು ಬಂದದ್ದು 1901ರಿಂದ 1906ರವರೆಗೆ ಮೈಸೂರಿನ ದಿವಾನರಾಗಿದ್ದ ಪಿ.ಎನ್. ಕೃಷ್ಣಮೂರ್ತಿ ಅವರಿಂದ. ಇಲ್ಲಿಂದ ನಡೆದೇ ಹೋಗಬಹುದಾದ ಮಹಾರಾಜ ಕಾಲೇಜಿನಲ್ಲಿ ಸಮಾಜಶಾಸ್ತ್ರಕ್ಕೆ ಬುನಾದಿ ಹಾಕಿದವರು ತತ್ತ್ವಶಾಸ್ತ್ರದ ಮೇಷ್ಟ್ರು ಎ.ಆರ್. ವಾಡಿಯಾ. ಬಿ.ಎ. ಹುಡುಗರು ‘ಸೋಷಿಯಾಲಜಿ ಸುಲಭ’ ಅಂತ ಆರಿಸಿಕೊಳ್ಳುವ ಈ ಕಾಲದಲ್ಲಿ, ಅವರು ಕಟ್ಟಿದ ಪಾಠಪಟ್ಟಿಯನ್ನೊಮ್ಮೆ ನೆನೆಯಬೇಕು.

ವಾಡಿಯಾ ಮುಂಬೈ ಕಡೆಯ ಪಾರಸಿ. ರಾಧಾಕೃಷ್ಣನ್, ಹಿರಿಯಣ್ಣನವರಂಥವರು ಪಾಠ ಹೇಳಿದ ಕಾಲೇಜು ಅದು, ತತ್ತ್ವಶಾಸ್ತ್ರಕ್ಕೇನೂ ಬರವಿರಲಿಲ್ಲ. ಆದರೂ ವಾಡಿಯಾ ‘ಸೋಷಿಯಲ್ ಫಿಲಾಸಫಿ’ ಎಂಬ ಆನರ್ಸ್ ಕೋರ್ಸ್ ರೂಪಿಸಿದರು. ಸಮಾಜಶಾಸ್ತ್ರ, ಮಾನವಶಾಸ್ತ್ರ, ರಾಜಕೀಯ ಚಿಂತನೆ ಎಲ್ಲವೂ ಒಂದೇ ಕೋರ್ಸಿನೊಳಗೆ. ಪಾಠ ಹೇಳಲು ಒಬ್ಬರೇ ಸಾಲದು, ಬೇರೆ ವಿಭಾಗದವರೂ ಬರಬೇಕು. ಹಾಗೆ ಪಾಲುಗೊಂಡವರಲ್ಲಿ ಚಂದ್ರವಳ್ಳಿಯ ಉತ್ಖನನದಿಂದ ಹೆಸರಾದ ಎಂ.ಎಚ್. ಕೃಷ್ಣ ಒಬ್ಬರು. ಇಷ್ಟೆಲ್ಲ ಒಟ್ಟಿಗೆ ತಿನ್ನಿಸಿದರೆ ಅಜೀರ್ಣವಾಗುವುದಿಲ್ಲವೇ ಎನಿಸುತ್ತದೆ. ಒಬ್ಬ ಹುಡುಗನಿಗಂತೂ ಅದು ಪಚನವಾಯಿತು.

ಆ ಹುಡುಗ ಎಂ.ಎನ್. ಶ್ರೀನಿವಾಸ್. ಹುಟ್ಟಿದ್ದು 1916ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ ವರ್ಷವೇ. ಮನೆ ಕಾಲೇಜ್ ರಸ್ತೆಯಲ್ಲಿ. ಮನೆಯ ಹಿಂಬದಿಯ ಬಂಡಿಕೇರಿಯಲ್ಲಿ ಹಳ್ಳಿಗಳಿಂದ ಬಂದು ನೆಲೆಸಿದ ಕುರುಬರ ಮನೆಗಳು. ಅಲ್ಲಿಯ ಬದುಕು ಕಂಡಾಗಲೇ ತನಗೆ ಮೊದಲ ಸಾಂಸ್ಕೃತಿಕ ಆಘಾತವಾದದ್ದು ಎಂದು ಅವರು ಮುಂದೆ ಬರೆದರು. 1936ರಲ್ಲಿ ಆನರ್ಸ್ ಮುಗಿಸಿ ಮುಂಬೈಗೆ ಹೋಗಿ ಸಮಾಜಶಾಸ್ತ್ರಜ್ಞ ಘುರ್ಯೆ ಅವರ ಶಿಷ್ಯರಾದರು, ಅಲ್ಲಿಂದ ಆಕ್ಸ್‌ಫರ್ಡ್. ‘ಸಂಸ್ಕೃತೀಕರಣ’, ‘ಪ್ರಬಲ ಜಾತಿ’ ಎಂದು ನಮ್ಮ ಪರೀಕ್ಷೆಗಳಲ್ಲಿ ಬರೆಯುವ ಪರಿಕಲ್ಪನೆಗಳು ಅವರವೇ.

1948ರಲ್ಲಿ ಮೈಸೂರಿಗೆ ಹತ್ತಿರದ ಹಳ್ಳಿಯೊಂದಕ್ಕೆ ಅಧ್ಯಯನಕ್ಕೆಂದು ಹೋಗಿ ಕೂತರು. ಪುಸ್ತಕದಲ್ಲಿ ಅದು ‘ರಾಂಪುರ’. 1970ರಲ್ಲಿ ಅವರು ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಬೆಂಕಿ ಬಿದ್ದು ವರ್ಷಗಟ್ಟಲೆ ತಿದ್ದಿ ಜೋಡಿಸಿದ್ದ ಟಿಪ್ಪಣಿಗಳು ಸುಟ್ಟುಹೋದವು. ನೆನಪನ್ನು ನೆಚ್ಚಿಕೊಂಡು ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಹೊರಬಂತು. ಲೋಕವೆಲ್ಲ ಮೆಚ್ಚಿತು.

ಮೈಸೂರಿನಿಂದಲೇ ಒಂದು ಅಪಸ್ವರ ಎದ್ದಿತು. ನನಗೆ ಮೈಸೂರಿನ ಸಮಾಜಶಾಸ್ತ್ರದ ಕತೆಯಲ್ಲಿ ಎಲ್ಲಕ್ಕಿಂತ ಇಷ್ಟವಾಗುವುದು ಇದೇ. ಮ್ಯಾಂಚೆಸ್ಟರ್‌ನಲ್ಲಿ ಓದಿ ಬಂದು ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ ಸಮಾಜಶಾಸ್ತ್ರ ಕಲಿಸಿದ ಸಿ. ಪಾರ್ವತಮ್ಮನವರು ಮೈಸೂರು ಸೀಮೆಯ ಹಳ್ಳಿಯೊಂದರ ಅಧಿಕಾರ ಮತ್ತು ಧರ್ಮದ ನಂಟನ್ನು ತಾವೇ ಅಭ್ಯಸಿಸಿದವರು. 1978ರಲ್ಲಿ ಅವರು ಶ್ರೀನಿವಾಸರ ಪುಸ್ತಕವನ್ನು ‘ಬ್ರಾಹ್ಮಣ ಯಾತ್ರೆ’ ಎನ್ನುವ ಅರ್ಥದ ತಲೆಬರಹ ಕೊಟ್ಟು ವಿಮರ್ಶಿಸಿದರು. ಸುಮ್ಮನೆ ಎಸೆದ ಮಾತಲ್ಲ. ಶ್ರೀನಿವಾಸ್ ಉಳಿದುಕೊಂಡಿದ್ದದ್ದು ಊರ ಪಟೇಲರಿಗೆ ಸೇರಿದ ಎತ್ತಿನ ಮನೆಯಲ್ಲಿ. ಹರಿಜನ ಕೇರಿಯಲ್ಲಿ ಹೆಚ್ಚು ಓಡಾಡಲಾಗಲಿಲ್ಲವೆಂದು ಪುಸ್ತಕದಲ್ಲಿ ಅವರೇ ಒಪ್ಪಿಕೊಂಡಿದ್ದಾರೆ. ಪರಿಶಿಷ್ಟ ಜಾತಿಗಳ ಬದುಕಿನ ಅಧ್ಯಯನಕ್ಕೆ ತೊಡಗಿಕೊಂಡಿದ್ದ ಪಾರ್ವತಮ್ಮನವರಿಗೆ ಆ ಕೊರತೆ ಅಡಿಟಿಪ್ಪಣಿಯಲ್ಲಿ ಹೇಳಿ ಮುಗಿಸುವಂಥದ್ದಾಗಿ ಕಾಣಲಿಲ್ಲ.