ಕೃಷ್ಣೆಯ ಹೂಳು, ಕಡಲಾಳದ ವಲಸಿಗರು

ಮಹಾಬಳೇಶ್ವರದ ಘಟ್ಟದಿಂದ ಇಳಿದ ಕೃಷ್ಣೆಯೂ ನಿಪ್ಪಾಣಿ ಕಡೆಯ ವೇದಗಂಗೆಯನ್ನು ಕೂಡಿಕೊಂಡ ದೂಧಗಂಗೆಯೂ ಚಿಕ್ಕೋಡಿ ತಾಲೂಕಿನಲ್ಲಿ ಒಂದಾಗುತ್ತವೆ. ಮಳೆಗಾಲದಲ್ಲಿ ಯಡೂರು, ಉಗಾರ, ಕುಡಚಿಯ ದಂಡೆಗಳಲ್ಲಿ ಹರಿಯುವುದು ಬರಿಯ ನೀರಲ್ಲ. ಎರೆಹೊಲಗಳ ಮಣ್ಣು, ಎಲೆ, ಕಸಕಡ್ಡಿ, ಬುಡ ಸಮೇತ ಕಿತ್ತ ಮರ ಎಲ್ಲವೂ ಅದರಲ್ಲಿರುತ್ತವೆ. ಇಂದು ಈ ಹೂಳಿನ ಬಹುಪಾಲು ಆಲಮಟ್ಟಿ, ಶ್ರೀಶೈಲ, ನಾಗಾರ್ಜುನಸಾಗರಗಳ ಹಿನ್ನೀರಿನಲ್ಲೇ ಕೂತುಬಿಡುತ್ತದೆ. ಅಣೆಕಟ್ಟುಗಳಿಲ್ಲದ ಲಕ್ಷಾಂತರ ವರ್ಷ ಅದು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಸಾಗಿ ಬಂಗಾಳ ಕೊಲ್ಲಿ ಸೇರುತ್ತಿತ್ತು. ಗೋದಾವರಿಯ ಹೂಳಿನೊಂದಿಗೆ ಬೆರೆತು ಅದು ಕಡಲತಳದಲ್ಲಿ ಪದರಪದರವಾಗಿ ಕೂತ ಪ್ರದೇಶವೇ ಕೃಷ್ಣಾ–ಗೋದಾವರಿ ಜಲಾನಯನ.

ಅಲ್ಲಿ ಹೂಳಿನಡಿ ಗಾಳಿಯಾಡುವುದಿಲ್ಲ. ಹುದುಗಿದ ಸಸ್ಯಶೇಷವನ್ನು ಸೂಕ್ಷ್ಮಜೀವಿಗಳು ಮಿಥೇನ್ ಅನಿಲವಾಗಿ ಮಾರ್ಪಡಿಸುತ್ತವೆ. ಆಳದ ಒತ್ತಡಕ್ಕೂ ತಂಪಿಗೂ ಸಿಕ್ಕ ಮಿಥೇನ್ ನೀರಿನೊಂದಿಗೆ ಸೇರಿ ಮಂಜುಗಡ್ಡೆಯಂಥ ಹೈಡ್ರೇಟ್ ಆಗುತ್ತದೆ. 2006ರಲ್ಲಿ ಭಾರತದ ಗ್ಯಾಸ್ ಹೈಡ್ರೇಟ್ ಶೋಧಯಾನ ಇಲ್ಲಿ ಕೊರೆದಾಗ, ಒಂದೆಡೆ ಸುಮಾರು 130 ಮೀಟರ್ ದಪ್ಪದ ಹೂಳಿನ ಬಿರುಕುಗಳಲ್ಲಿ ಅದು ತುಂಬಿಕೊಂಡಿತ್ತು. ಕೆಲವು ಕಡೆ ಮಿಥೇನ್ ಮೇಲಕ್ಕೆ ಜಿನುಗುತ್ತದೆ. ಬೇರೆ ಸೂಕ್ಷ್ಮಜೀವಿಗಳು ಅದನ್ನು ಸಮುದ್ರದ ಸಲ್ಫೇಟಿನ ಜೊತೆ ಉರಿಸಿ ಹೈಡ್ರೋಜನ್ ಸಲ್ಫೈಡ್ ಬಿಡುಗಡೆ ಮಾಡುತ್ತವೆ. ಗಟಾರ ಕೆದಕಿದಾಗ ಬರುವ ದುರ್ವಾಸನೆ ಇದರದೇ. ನಮಗೆ ಇದು ವಿಷ, ಕಡಲಾಳದ ಕೆಲವು ಬ್ಯಾಕ್ಟೀರಿಯಾಗಳಿಗೆ ಅನ್ನ.

ಗೋವೆಯ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರು ಈ ಹೂಳಿನಲ್ಲಿ ಹತ್ತಾರು ಸಾವಿರ ವರ್ಷ ಹಳೆಯ ಕ್ಲ್ಯಾಮ್ ಚಿಪ್ಪುಗಳನ್ನು ಕಂಡು 2009ರಲ್ಲಿ ವರದಿ ಮಾಡಿದರು. ಸಲ್ಫೈಡ್ ಇದ್ದಲ್ಲಿ ಮಾತ್ರ ಬದುಕುವ ಬಳಗದ ಚಿಪ್ಪುಗಳವು. ಅಂದರೆ ಒಂದು ಕಾಲಕ್ಕೆ ಅಲ್ಲಿ ಮಿಥೇನ್ ಜಿನುಗುವ ಒಸರು ಇತ್ತು. 2018ರಲ್ಲಿ ಅವರ ‘ಸಿಂಧು ಸಾಧನ’ ಹಡಗು ಒಂದೂವರೆ ಕಿಲೋಮೀಟರಿಗೂ ಮಿಕ್ಕಿದ ಆಳದಲ್ಲಿ ಇಂದಿಗೂ ಜಿನುಗುವ ಒಸರನ್ನೂ ಅದನ್ನು ನೆಚ್ಚಿ ಬದುಕುವ ಪ್ರಾಣಿಗಳನ್ನೂ ಪತ್ತೆ ಮಾಡಿತು.

ಈ ಪ್ರಾಣಿಗಳು ಅಲ್ಲಿಗೆ ಎಲ್ಲಿಂದ ಬಂದವು?

1977ರಲ್ಲಿ ಗಲಾಪಗೋಸ್ ಬಳಿ ಸುಮಾರು 2,500 ಮೀಟರ್ ಆಳದಲ್ಲಿ ಇದೇ ಸಲ್ಫೈಡ್ ಉಗುಳುವ ಬಿಸಿನೀರಿನ ಬುಗ್ಗೆಗಳೂ ಅವುಗಳ ಸುತ್ತ ಆಳೆತ್ತರದ ಕೊಳವೆಹುಳಗಳೂ ಕಂಡಾಗ, ಇವು ಡೈನೋಸಾರ್‌ಗಳಿಗಿಂತ ಹಿಂದಿನಿಂದ ಅಡಗಿ ಉಳಿದ ಪುರಾತನರಿರಬೇಕು ಎಂದು ಹಲವರಿಗೆ ಅನ್ನಿಸಿತು. ಅನ್ನಿಸಿದ್ದು ಸಹಜ. ಆ ಹುಳಕ್ಕೆ ಬಾಯಿಲ್ಲ, ಕರುಳಿಲ್ಲ. ಕೆಂಪು ಗರಿಯಂಥ ಕಿವಿರಿನಿಂದ ಅದು ಆಮ್ಲಜನಕವನ್ನೂ ಸಲ್ಫೈಡನ್ನೂ ಒಟ್ಟಿಗೇ ಹೀರುತ್ತದೆ, ಅದರ ಹಿಮೋಗ್ಲೋಬಿನ್ ಎರಡನ್ನೂ ಹೊತ್ತು ಒಳಗಿನ ಒಂದು ಚೀಲಕ್ಕೆ ಮುಟ್ಟಿಸುತ್ತದೆ. ಆ ಚೀಲದ ತುಂಬ ಬ್ಯಾಕ್ಟೀರಿಯಾಗಳು. ಅವು ತಯಾರಿಸಿದ ಆಹಾರವೇ ಹುಳದ ಆಹಾರ. ಕೊಲೀನ್ ಕ್ಯಾವನಾ ಇದನ್ನು 1981ರಲ್ಲಿ ತೋರಿಸಿಕೊಟ್ಟರು. ಸೋಯಾಬೀನ್ ಬಿತ್ತುವ ಮುನ್ನ ಬೀಜಕ್ಕೆ ರೈಜೋಬಿಯಂ ಲೇಪಿಸುವ ನಮ್ಮ ರೈತರಿಗೆ ಈ ಕೂಡುಬಾಳು ಹೊಸದಲ್ಲ: ಮಣ್ಣಿನ ಬ್ಯಾಕ್ಟೀರಿಯಾ ಬೇರು ಹೊಕ್ಕು ಗಂಟು ಕಟ್ಟುವಂತೆ, ಕಡಲನೀರಿನ ಬ್ಯಾಕ್ಟೀರಿಯಾ ಎಳೆಯ ಹುಳದ ಚರ್ಮ ಹಾಯ್ದು ಒಳಹೊಗುತ್ತದೆ. ತಾಯಿಯಿಂದ ಅದು ಬರುವುದಿಲ್ಲ, ಪ್ರತಿ ಪೀಳಿಗೆಯೂ ಹೊಸದಾಗಿ ಪಡೆಯಬೇಕು.

ಇಷ್ಟು ವಿಚಿತ್ರವಾದ ಹುಳವನ್ನು ಪ್ರಾಣಿಶಾಸ್ತ್ರಜ್ಞರು ಪ್ರತ್ಯೇಕ ವಂಶಕ್ಕೇ ಸೇರಿಸಿದ್ದರು. ಡಿಎನ್‌ಎ ಓದಿದಾಗ ತಿಳಿದದ್ದೇ ಬೇರೆ. ಅದು ವಲಯವಂತ ಹುಳಗಳ ಬಳಗದ್ದು, ರಾಯಬಾಗದ ಕಬ್ಬಿನ ಗದ್ದೆಯ ಎರೆಹುಳುವಿನ ದೂರದ ದಾಯಾದಿ. ಒಸರುಗಳ ಮಸೆಲ್‌ಗಳು ಕರಾವಳಿಯವರು ತಿನ್ನುವ ಪಚ್ಚಿಲೆಯ ಕುಟುಂಬದವು. ಇವುಗಳ ಪೂರ್ವಜರು ಮಾಮೂಲಿ ಸಮುದ್ರಜೀವಿಗಳು. ಇವು ಆಳಕ್ಕೆ ವಲಸೆ ಹೋದವು, ಅದೂ ತೀರಾ ಹಿಂದೆಯಲ್ಲ. ಡಿಎನ್‌ಎ ವ್ಯತ್ಯಾಸದಿಂದ ಕಾಲ ಎಣಿಸುವ ಆಣ್ವಿಕ ಗಡಿಯಾರದ ಲೆಕ್ಕದಲ್ಲಿ ಕೊಳವೆಹುಳಗಳ ಈಗಿನ ಶಾಖೆಗೆ 10 ಕೋಟಿ ವರ್ಷವೂ ಆಗಿಲ್ಲ (ಇದಕ್ಕಿಂತ ಹಳೆಯ ಕೆಲವು ಪಳೆಯುಳಿಕೆ ಕೊಳವೆಗಳ ಗುರುತಿನ ಬಗ್ಗೆ ವಾದವಿದೆ), ಮಸೆಲ್‌ಗಳಿಗೆ ಹೆಚ್ಚುಕಮ್ಮಿ 5 ಕೋಟಿ. ಚಿಕ್ಕೋಡಿ, ಅಥಣಿಯ ಎರೆಮಣ್ಣಿಗೆ ತಾಯಿಯಾದ ದಖ್ಖನ್ ಕಪ್ಪುಕಲ್ಲು ಲಾವಾ ಆಗಿ ಹರಿದದ್ದು ಸುಮಾರು 6.6 ಕೋಟಿ ವರ್ಷದ ಹಿಂದೆ. ಆ ಮಸೆಲ್ ವಂಶಕ್ಕಿಂತ ನಮ್ಮ ಕಾಲಡಿಯ ಕಲ್ಲೇ ಹಿರಿಯದು!

ಹಾಗಾದರೆ ಇವಕ್ಕಿಂತ ಮೊದಲು ಅಲ್ಲಿದ್ದವರು ಏನಾದರು? ರಷ್ಯದ ಉರಲ್ ಪರ್ವತಗಳಲ್ಲಿ ಸುಮಾರು 43 ಕೋಟಿ ವರ್ಷ ಹಳೆಯ ಬುಗ್ಗೆಯ ಪಳೆಯುಳಿಕೆಗಳಿವೆ. ಅಲ್ಲಿದ್ದ ಬ್ರಾಕಿಯೋಪಾಡ್ ಚಿಪ್ಪುಗಳ ವಂಶ ಇಂದು ಯಾವ ಬುಗ್ಗೆಯಲ್ಲೂ ಇಲ್ಲ. ನನಗೆ ಹೆಚ್ಚು ಒಪ್ಪಿಗೆಯಾಗುವ ವಿವರಣೆ ಆಮ್ಲಜನಕದ್ದು. ಸಲ್ಫೈಡನ್ನು ಶಕ್ತಿಯಾಗಿಸಲು ಈ ಬ್ಯಾಕ್ಟೀರಿಯಾಗಳಿಗೂ ಅವುಗಳನ್ನು ಸಾಕುವ ಪ್ರಾಣಿಗಳಿಗೂ ಆಮ್ಲಜನಕ ಬೇಕೇ ಬೇಕು, ಆ ಆಮ್ಲಜನಕ ಬಿಸಿಲಿನಲ್ಲಿ ಬೆಳೆಯುವ ಹಸಿರು ಜೀವಿಗಳದೇ ಕೊಡುಗೆ. ಸುಮಾರು 9.4 ಕೋಟಿ ವರ್ಷದ ಹಿಂದೆ ಸಾಗರದ ಆಳ ಹಲವೆಡೆ ಆಮ್ಲಜನಕ ಕಳೆದುಕೊಂಡಿತು, 5.6 ಕೋಟಿ ವರ್ಷದ ಹಿಂದೆ ಭೂಮಿ ಹಠಾತ್ತನೆ ಕಾದು ಆಳದ ನೀರೂ ಬೆಚ್ಚಗಾಯಿತು. ಇಂಥ ಆಪತ್ತುಗಳಲ್ಲಿ ಹಳಬರು ಅಳಿದು, ತೆರವಾದ ಜಾಗಕ್ಕೆ ಹೊಸಬರು ಬಂದಿರಬೇಕು.

ಬಂದ ದಾರಿಯಲ್ಲಿ ಮರದ ಪಾತ್ರ ದೊಡ್ಡದು. ಪ್ರವಾಹಕ್ಕೆ ಕೊಚ್ಚಿ ಹೋಗಿ ಕಡಲತಳ ಮುಟ್ಟಿದ ದಿಮ್ಮಿ ಕೊಳೆಯುವಾಗ ಅಲ್ಲಿಯೂ ಸಲ್ಫೈಡ್ ಹುಟ್ಟುತ್ತದೆ. ಸತ್ತು ಮುಳುಗಿದ ತಿಮಿಂಗಿಲದ ಎಲುಬಿನಲ್ಲೂ ಅಷ್ಟೇ. ಬುಗ್ಗೆಯ ಮಸೆಲ್‌ಗಳ ಹತ್ತಿರದ ನೆಂಟರು ಇಂಥ ಮರ, ಎಲುಬುಗಳ ಮೇಲೆ ಬದುಕುತ್ತಾರೆಂದು 2000ದಲ್ಲಿ ಡ್ಯಾನಿಯಲ್ ಡಿಸ್ಟೆಲ್ ಮತ್ತು ಸಂಗಡಿಗರು ತೋರಿಸಿದರು. ದಿಮ್ಮಿಯಲ್ಲಿ ಸಲ್ಫೈಡಿಗೆ ಒಗ್ಗಿದವು ಮುಂದೆ ಒಸರಿಗೂ ಬುಗ್ಗೆಗೂ ದಾಟಿಕೊಂಡವು, ಒಮ್ಮೆಯಲ್ಲ, ಬೇರೆ ಬೇರೆ ಶಾಖೆಗಳಲ್ಲಿ ಮತ್ತೆ ಮತ್ತೆ.

ಕೃಷ್ಣಾ–ಗೋದಾವರಿಯ ಹೈಡ್ರೇಟನ್ನು ಇಂಧನವಾಗಿ ತೆಗೆಯುವ ಆಸೆ ದೇಶಕ್ಕಿದೆ. ಆಳಕ್ಕಿಳಿಯುವ ಸಾಮರ್ಥ್ಯವೂ ಬೆಳೆಯುತ್ತಿದೆ: 2024ರ ಡಿಸೆಂಬರಿನಲ್ಲಿ ನಮ್ಮ ವಿಜ್ಞಾನಿಗಳು ಹಿಂದೂ ಮಹಾಸಾಗರದ 4,500 ಮೀಟರ್ ಆಳದ ಸಕ್ರಿಯ ಬುಗ್ಗೆಯೊಂದರ ಚಿತ್ರ ತೆಗೆದ ಸುದ್ದಿ ಬಂತು. ಅನಿಲಕ್ಕಾಗಿ ಕೊರೆಯುವ ಮುನ್ನ ಅಲ್ಲಿನ ಒಂದೊಂದು ಒಸರಿನ ಪ್ರಾಣಿಗಳನ್ನೂ ಎಣಿಸಿ, ಅವುಗಳ ಡಿಎನ್‌ಎ ದಾಖಲಿಸಬೇಕು. ಜಪಾನ್, ಮೆಕ್ಸಿಕೊ ಕೊಲ್ಲಿಯ ಒಸರುಗಳ ಜೀವಿಗಳಿಗೂ ನಮ್ಮವುಗಳಿಗೂ ಇರುವ ನೆಂಟಸ್ತಿಕೆ ತಿಳಿಯುವುದು ಅಂಥ ದಾಖಲೆಯಿಂದಲೇ.